ಹಿಡಿ ಇಲ್ಲದ ಅರ

ನನ್ನ ಗಂಡ ತಿಮ್ಮರಾಯಪ್ಪ ಸತ್ತದ್ದು ಅವನದೇ ಅರದಿಂದ. ಎಂಟು ಅಂಗುಲದ ಚಪ್ಪಟೆ ಅರ. ಹಲ್ಲಿರುವ ಮೈ ಅವನಿಗೆ ತಾಗಲಿಲ್ಲ. ತಾಗಿದ್ದು ಅರದ ಬಾಲ. ಮರದ ಹಿಡಿಯೊಳಗೆ ಹೂತಿರುವ ಚೂಪು ತುದಿಗೆ ನಾವು ಬಾಲ ಅನ್ನುತ್ತೇವೆ. ಅದು ಅವನ ಕುತ್ತಿಗೆಯ ಎಡಗಡೆ, ಕಿವಿಯಿಂದ ಮೂರು ಬೆರಳು ಕೆಳಗೆ ಇಳಿದಿತ್ತು.

ಹಟ್ಟಿಯವರೆಲ್ಲ ಒಂದೇ ಮಾತು ಹೇಳಿದರು. ತಮ್ಮನನ್ನು ಚುಚ್ಚಲು ಹೋದ, ಎಡವಿದ, ತನ್ನ ಅರದ ಮೇಲೆ ತಾನೇ ಬಿದ್ದ. ಹೊಳಲ್ಕೆರೆಗೆ ಕೊಟ್ಟಿರುವ ನನ್ನ ಮಗಳು ಸುಪ್ರಿಯಾ ಹೆಣದ ಮುಂದೆ ಕೂತು ನನ್ನನ್ನು ಕೇಳಿದಳು.

"ಅಪ್ಪ ಚಿಕ್ಕಪ್ಪನ್ನ ಕೊಲ್ಲಾಕೆ ಹೋಗಿದ್ನೇನವ್ವ?"

ನಾನು ಹೌದು ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು. ಅದನ್ನು ವಾಪಸು ತೆಗೆದುಕೊಳ್ಳಲು ನನಗೆ ಒಂದೂವರೆ ವರ್ಷ ಬೇಕಾಯಿತು.

ನಮ್ಮದು ಯಲ್ಲದಕೆರೆಯಿಂದ ಎರಡು ಮೈಲಿ ಒಳಗಿನ ಹಟ್ಟಿ. ಮೂವತ್ತು ಮನೆ. ನನ್ನ ಗಂಡ ಗರಗಸಕ್ಕೆ ಅರ ಹಾಕುತ್ತಿದ್ದ. ಬೇರೆ ಕಸುಬು ಅವನಿಗೆ ಬರುತ್ತಿರಲಿಲ್ಲ. ಬಡಗಿಯ ಗರಗಸ ಮೊಂಡಾದರೆ ಅದರ ಒಂದೊಂದು ಹಲ್ಲನ್ನೂ ಮೂರುಮೂಲೆ ಅರದಿಂದ ಉಜ್ಜಿ ಚೂಪು ಮಾಡಬೇಕು. ಒಂದು ಹಲ್ಲು ಎತ್ತರ, ಒಂದು ತಗ್ಗು ಆದರೆ ಗರಗಸ ಮರದೊಳಗೆ ಕುಣಿಯುತ್ತದೆ, ದಾರಿ ತಪ್ಪುತ್ತದೆ. ಅವನು ಹಾಕಿದ ಹಲ್ಲಿನ ಮೇಲೆ ದಾರ ಎಳೆದು ಹಿಡಿದರೆ ಎಲ್ಲ ಹಲ್ಲೂ ದಾರಕ್ಕೆ ತಾಗುತ್ತಿದ್ದವು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗ, ಎಲ್ಲ ಕಡೆಯ ಬಡಗಿಗಳೂ ಮರದ ಮಿಲ್ಲಿನವರೂ ಅವನನ್ನು ಬಲ್ಲರು. ಗೋಣಿತಾಟಿನಲ್ಲಿ ಹನ್ನೊಂದು ಅರ ಸುತ್ತಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಚಪ್ಪಟೆ ಅರ, ದುಂಡು ಅರ, ಮೂರುಮೂಲೆ ಅರ, ಮರವನ್ನೇ ಉಜ್ಜಲು ಮುಳ್ಳುಮುಳ್ಳಾದ ಒರಟು ಅರ. ಅವನ ಮೈ ಕಬ್ಬಿಣದ ಪುಡಿ ನಾರುತ್ತಿತ್ತು. ತಲೆ ಇಟ್ಟ ದಿಂಬಿನ ಮೇಲೆ ತುಕ್ಕಿನ ಕಲೆ ಕೂರುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಈಗಲೂ ಹೋಗಿಲ್ಲ.

ಕೋಪ ಬಹಳ. ಸತ್ತವನೆಂದು ಸುಳ್ಳು ಹೇಳಲಾರೆ. ಮುದ್ದೆ ಗಂಟು ಕಟ್ಟಿದ್ದರೆ ತಟ್ಟೆ ಎಸೆಯುತ್ತಿದ್ದ. ನನಗೆ ಹೊಡೆಯುತ್ತಿದ್ದ. ಹೊಸದುರ್ಗದಲ್ಲಿ ಒಬ್ಬ ಬಡಗಿ ಅವನು ಹಾಕಿದ ಅರಕ್ಕೆ ಹೆಸರಿಟ್ಟನೆಂದು ಅವನ ಎರಡು ಹಲ್ಲು ಉದುರಿಸಿ ಒಂದು ದಿನ ಸ್ಟೇಷನ್ನಿನಲ್ಲಿ ಕೂತು ಬಂದಿದ್ದ. ಆದರೆ ಯಾರಿಗೂ ಬರಿಗೈ ಬಿಟ್ಟು ಬೇರೆ ಯಾವುದರಿಂದಲೂ ಹೊಡೆದವನಲ್ಲ. ಅರ ಎತ್ತಿದವನಂತೂ ಅಲ್ಲ. ಅದಕ್ಕೆ ಕಾರಣ ಅವನ ಅಪ್ಪ.

ನನ್ನ ಮಾವ ಅಜ್ಜಪ್ಪನದೂ ಇದೇ ಕಸುಬು. ಮಾವನಿಗೆ ಸಿಟ್ಟು ಬಂದರೆ ಬೈಯುತ್ತಿರಲಿಲ್ಲವಂತೆ. ಅರದ ಮೈ ಹಿಡಿದು, ಹಿಡಿಯ ಕತ್ತನ್ನು ಜಗಲಿ ಕಲ್ಲಿನ ಅಂಚಿಗೆ ಟಕ್ಕೆಂದು ಹೊಡೆದು ಎಳೆಯುತ್ತಿದ್ದನಂತೆ. ಹಿಡಿ ಕೆಳಗೆ ಬೀಳುತ್ತಿತ್ತು. ಬಾಲ ಹೊರಗೆ ಬರುತ್ತಿತ್ತು. ಆ ಟಕ್ಕೆನ್ನುವ ಸದ್ದು ಕೇಳಿದರೆ ಮನೆಯಲ್ಲಿ ಯಾರೂ ಉಸಿರಾಡುತ್ತಿರಲಿಲ್ಲ ಎಂದು ನನ್ನ ಅತ್ತೆ ಜುಂಜಮ್ಮನೇ ಹೇಳಿದ್ದಾಳೆ. ನನ್ನ ಗಂಡನಿಗೆ ಹತ್ತು ವರ್ಷವಿದ್ದಾಗ ಅರವನ್ನು ಮುಂದಕ್ಕೂ ಹಿಂದಕ್ಕೂ ಒಂದೇ ಸಮ ಒತ್ತಿ ಉಜ್ಜಿ ಅದರ ಹಲ್ಲು ಕೆಡಿಸಿದ್ದ. ಅರ ಮುಂದಕ್ಕೆ ತಳ್ಳಿದಾಗ ಮಾತ್ರ ತಿನ್ನುತ್ತದೆ. ಹಿಂದಕ್ಕೆ ಬರುವಾಗ ಎತ್ತಿ ತರಬೇಕು, ಒತ್ತಿದರೆ ಹಾಳು. ಮಾವ ಹಿಡಿ ಕಳಚಿ ಮಗನ ತೊಡೆಗೆ ಬಾಲ ಚುಚ್ಚಿದ. ಗಾಯ ಕೀವು ಕಟ್ಟಿ ಮೂರು ತಿಂಗಳು ಕುಂಟಿದನಂತೆ. ತಮ್ಮ ಚಿಕ್ಕತಿಮ್ಮಪ್ಪ ಗೋಡೆಗೆ ಅಂಟಿಕೊಂಡು ನೋಡುತ್ತ ಚಡ್ಡಿಯಲ್ಲೇ ಉಚ್ಚೆ ಹೊಯ್ದುಕೊಂಡಿದ್ದ. ನನ್ನ ಮದುವೆಯಾದ ಮೇಲೆ ಆ ತೊಡೆಯ ಗುಳಿ ನೋಡಿದೆ. ನನ್ನ ಹೆಬ್ಬೆರಳ ತುದಿ ಕೂರುವಷ್ಟಿತ್ತು.

ಅದಕ್ಕೇ ನನ್ನ ಗಂಡ ಹಿಡಿ ಇಲ್ಲದ ಅರ ಮುಟ್ಟುತ್ತಿರಲಿಲ್ಲ. ಅಂಗಡಿಯಿಂದ ಹೊಸ ಅರ ತಂದ ದಿನ ಮೊದಲು ಹಿಡಿ ಮಾಡುತ್ತಿದ್ದ. ಕಮರದ ಮರದ ತುಂಡು ಕೆತ್ತಿ, ಬಾಲವನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಅದಕ್ಕೆ ಒತ್ತುತ್ತಿದ್ದ. ಹೊಗೆ ಎದ್ದು ಮರ ಸುಟ್ಟು ಬಾಲಕ್ಕೆ ತಕ್ಕ ತೂತು ಬೀಳುತ್ತದೆ. ಆಮೇಲೆ ಬುಡವನ್ನು ಕಲ್ಲಿಗೆ ಎರಡು ಸಲ ಕುಟ್ಟಿದರೆ ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚಿದ ಹಿಡಿ ಎಳೆದರೆ ಬರುವುದಿಲ್ಲ, ಬಿದ್ದರೆ ಕಳಚುವುದಿಲ್ಲ. ನನ್ನ ಮಾವ ತೆಗೆಯುತ್ತಿದ್ದನಲ್ಲ, ಹಾಗೇ ತೆಗೆಯಬೇಕು.

ಇನ್ನೊಂದು ಕಟ್ಟು ಅವನಿಗಿತ್ತು. ಉಪ್ಪು, ಮೆಣಸಿನಕಾಯಿ, ಕಬ್ಬಿಣ ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತಗೊಂಡವರಿಗೂ ಜಗಳ ಆಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುತ್ತಾರೆ, ಅವಸರದಲ್ಲಿ ಮರೆಯುತ್ತಾರೆ. ಇವನು ಮರೆಯುತ್ತಿರಲಿಲ್ಲ. ಬಡಗಿ ಗರಗಸ ಕೈಗೆ ಚಾಚಿದರೆ ಕೆಳಗಿಡು ಅನ್ನುತ್ತಿದ್ದ. ನೆಲಕ್ಕಿಟ್ಟ ಮೇಲೆ ತಾನು ಎತ್ತಿಕೊಳ್ಳುತ್ತಿದ್ದ. ಇಷ್ಟೊಂದು ಜಗಳ ಆಡುವವನು ಇದನ್ನೊಂದು ಪಾಲಿಸಿ ಏನು ಬಂತು ಎಂದು ನಾನೇ ನಕ್ಕಿದ್ದೇನೆ. ಅವನು ನಗಲಿಲ್ಲ. ಪಾಲಿಸದಿದ್ದರೆ ಇನ್ನೂ ಎಷ್ಟು ಆಗುತ್ತಿತ್ತೋ ಎಂದ.

ಒಂದು ಸಲ ನನ್ನಿಂದ ತಪ್ಪಾಯಿತು. ಒಂದು ಅರದ ಹಿಡಿ ಸೀಳಿತ್ತೆಂದು ಹೊಸದು ಹಾಕಲು ತೆಗೆದಿಟ್ಟಿದ್ದ. ನಾನು ಬಲಿತ ತೆಂಗಿನಕಾಯಿಯ ಕಣ್ಣು ತೂತು ಮಾಡಲು ಅದನ್ನೇ ಎತ್ತಿಕೊಂಡೆ. ಮೈ ಮುಷ್ಟಿಯಲ್ಲಿ ಹಿಡಿದು ಬಾಲದಿಂದ ಕಾಯಿಗೆ ಕುಕ್ಕಿದೆ. ಬಾಲ ಕಾಯಿಗೆ ತಗುಲಿ ನಿಂತಿತು, ನನ್ನ ಕೈ ನಿಲ್ಲಲಿಲ್ಲ, ಅರದ ಮೇಲೆ ಮುಂದಕ್ಕೆ ಜಾರಿತು. ಅಂಗೈ ಸುಲಿಯಿತು. ರಕ್ತಕ್ಕಿಂತ ಮೊದಲು ಗೆರೆ ಕಂಡವು. ಬಾಚಣಿಗೆ ಒತ್ತಿ ಎಳೆದ ಹಾಗೆ ಒಂದರ ಪಕ್ಕ ಒಂದು, ಹತ್ತಿರ ಹತ್ತಿರ, ಅಂಗೈ ತುಂಬ. ಆಮೇಲೆ ರಕ್ತ ಬಂತು. ನನ್ನ ಗಂಡ ಬಂದು ನೋಡಿ ಮೊದಲು ಕಪಾಳಕ್ಕೆ ಹೊಡೆದ. ಆಮೇಲೆ ಅರಿಸಿನ ಒತ್ತಿ ಬಟ್ಟೆ ಕಟ್ಟಿದ. ಆ ಗೆರೆ ಹೋಗಲು ವರ್ಷ ಹಿಡಿಯಿತು. ಕೈ ಒದ್ದೆಯಾದರೆ ಈಗಲೂ ಎರಡು ಮೂರು ಕಾಣುತ್ತವೆ.

ಚಿಕ್ಕತಿಮ್ಮಪ್ಪನಿಗೆ ಅರ ಹಾಕುವ ತಾಳ್ಮೆ ಬರಲಿಲ್ಲ. ಅವನು ಪೆಟ್ರೋಲಿನಲ್ಲಿ ಓಡುವ ಮರ ಕೊಯ್ಯುವ ಮಿಷನ್ನು ತಂದ. ಅದರಲ್ಲಿ ಗರಗಸದ ಬದಲು ಚೈನು ತಿರುಗುತ್ತದೆ, ಚೈನಿಗೆ ಹಲ್ಲು. ಆ ಹಲ್ಲಿಗೂ ಅರ ಹಾಕಲೇಬೇಕು. ವಾರಕ್ಕೊಮ್ಮೆ ಚೈನು ನಮ್ಮ ಮನೆಗೆ ಬರುತ್ತಿತ್ತು. ಅಣ್ಣನಿಗೆ ಅವನು ನನ್ನ ಮಿಷನ್ನಿನ ಹಲ್ಲಿನ ಡಾಕ್ಟರು ಅನ್ನುತ್ತಿದ್ದ. ನನ್ನ ಗಂಡ ನಿನ್ನ ಮಿಷನ್ನಿಗೆ ಬಾಯಿ ನಿನ್ನಷ್ಟೇ ದೊಡ್ಡದು, ದಿನಾ ಉಜ್ಜಬೇಕು ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ಚೆನ್ನಾಗೇ ಇದ್ದರು. ಮಾವ ಸತ್ತ ಮೇಲೆ ಒಬ್ಬರ ಮೈಮೇಲೆ ಒಬ್ಬರು ಕೈ ಮಾಡಿದವರಲ್ಲ.

ಹಟ್ಟಿಯ ಬಾಯಲ್ಲಿ ರಸ್ತೆಗೆ ತಾಗಿ ಒಂದು ಹುಣಸೆ ಮರವಿತ್ತು. ಯಾರ ಮೈಮೇಲಾದರೂ ಗಾಳಿ ಬಂದರೆ ಅವರ ಕೂದಲು ಸುತ್ತಿ ಆ ಮರಕ್ಕೆ ಮೊಳೆ ಹೊಡೆಯುವುದು ನಮ್ಮ ಕಡೆ ಪದ್ಧತಿ. ಅಜ್ಜಂದಿರ ಕಾಲದಿಂದ ಹೊಡೆದಿದ್ದರು. ಹಳೆಯ ಮೊಳೆಗಳ ಮೇಲೆ ತೊಗಟೆ ಬೆಳೆದು ಮುಚ್ಚಿತ್ತು. ರಸ್ತೆ ಅಗಲ ಮಾಡಲು ಆ ಮರ ಕೊಯ್ಯುವ ಕೆಲಸ ಚಿಕ್ಕತಿಮ್ಮಪ್ಪನಿಗೆ ಸಿಕ್ಕಿತು. ನನ್ನ ಗಂಡ ಹೊಸದಾಗಿ ಅರ ಹಾಕಿದ ಚೈನು ಕೆಳಗಿಟ್ಟು ಹೇಳಿದ.

"ಆಳೆತ್ತರದ ತನಕ ಚೈನು ಇಡಬ್ಯಾಡ. ತೊಗಟೆ ಕೆತ್ತಿ ನೋಡ್ಕಂಡು ಕೊಯ್ಯಿ."

"ದೆವ್ವಕ್ಕೆ ಹೆದರ್ತೀಯೇನಣ್ಣ ಈ ವಯಸ್ಸಿನಾಗೆ?"

"ದೆವ್ವಕ್ಕಲ್ಲ ಕಣಲೇ. ಮೊಳೆಗೆ."

ಅವನು ತೊಗಟೆ ಕೆತ್ತಲಿಲ್ಲ. ಬುಡಕ್ಕೇ ಇಟ್ಟ. ಚೈನು ಮೊಳೆಗೆ ಬಡಿಯಿತು, ಹರಿಯಿತು, ಹಾವಿನ ಹಾಗೆ ಚಿಮ್ಮಿ ಅವನ ಮುಖಕ್ಕೆ ಹೊಡೆಯಿತು. ಬಲಗಿವಿಯ ಹಾಲೆ ಹೋಯಿತು. ಕೆನ್ನೆ ಬಾಯಿಯ ತನಕ ಸೀಳಿ ಒಳಗಿನ ದವಡೆ ಹಲ್ಲು ಹೊರಗೆ ಕಂಡಿತಂತೆ. ಹಿರಿಯೂರಿಗೆ ಒಯ್ದು ಹತ್ತೊಂಬತ್ತು ಹೊಲಿಗೆ ಹಾಕಿಸಿದರು. ನನ್ನ ಗಂಡ ಎರಡು ದಿನ ಆಸ್ಪತ್ರೆಯಲ್ಲಿ ಅವನ ಪಕ್ಕದಲ್ಲೇ ಕೂತಿದ್ದ. ಸ್ಟ್ರಾ ಹಾಕಿ ಗಂಜಿ ಕುಡಿಸಿದ.

ಎಂಟನೆಯ ದಿನ ಚಿಕ್ಕತಿಮ್ಮಪ್ಪ ಟೀ ಅಂಗಡಿಗೆ ಹೋಗಿ ಕೂತ. ಮುಖ ನೋಡಿ ಜನ ಕೇಳಿದರು. ಅಣ್ಣ ಬೇಡ ಎಂದದ್ದನ್ನು ನಾನೇ ಮಾಡಿದೆ ಎಂದು ಹೇಳಿಕೊಳ್ಳಲು ಅವನಿಗೆ ಆಗಲಿಲ್ಲ. ಅಣ್ಣ ಚೈನಿಗೆ ಒಂದು ಹಲ್ಲು ಉದ್ದ ಒಂದು ಗಿಡ್ಡ ಹಾಕಿದ್ದ, ಅದಕ್ಕೇ ಹರಿಯಿತು ಎಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಬೇಕಂತಲೇ ಹಾಗೆ ಹಾಕಿದ ಅಂತಲೂ ಅಂದನಂತೆ.

ಆ ಮಾತು ಮಧ್ಯಾಹ್ನ ನಮ್ಮ ಮನೆಗೆ ಬಂತು. ನನ್ನ ಗಂಡ ಉಣ್ಣುತ್ತಿದ್ದ. ಮುದ್ದೆಯ ತುತ್ತು ಕೈಯಲ್ಲೇ ಇತ್ತು. ಅದನ್ನು ತಟ್ಟೆಗೆ ಹಾಕಿ ಎದ್ದ. ಕೈ ತೊಳೆಯಲಿಲ್ಲ. ಗೋಣಿತಾಟು ಬಿಚ್ಚಿ ದುಂಡು ಅರ ಒಂದು, ಚಪ್ಪಟೆ ಅರ ಒಂದು ತೆಗೆದುಕೊಂಡ. ಮುಖ ನೋಡಿದೆ. ಕಣ್ಣಿನ ಬಿಳಿ ಕೆಂಪಾಗಿತ್ತು. ಬಾಗಿಲಿಗೆ ಅಡ್ಡ ನಿಂತೆ, ಭುಜ ಹಿಡಿದು ಪಕ್ಕಕ್ಕೆ ತಳ್ಳಿದ.

"ಇವತ್ತು ಅವನೋ ನಾನೋ ತೀರ್ಮಾನ ಆಗ್ಲಿ," ಎಂದು ಹೋದ.

ಇದು ನಾನು ಕೇಳಿದ ಅವನ ಕೊನೆಯ ಮಾತು. ಈಗ ಹೇಳಿ, ನಾನು ಏನು ತಿಳಿಯಬೇಕಿತ್ತು?

ಮೈದುನನ ಮನೆಯ ಹಿಂದೆ ಶೀಟು ಹಾಕಿದ ಗುಡಿಸಲಿದೆ. ಮಿಷನ್ನು ಅಲ್ಲಿಡುತ್ತಾನೆ. ಅರ್ಧ ಗಂಟೆಯೂ ಆಗಿರಲಿಲ್ಲ, ಚಿಕ್ಕತಿಮ್ಮಪ್ಪ ಬೀದಿಯಲ್ಲಿ ಕೂಗಿಕೊಂಡು ಬಂದ. ಅಣ್ಣ ನನ್ನನ್ನು ಚುಚ್ಚಲು ಬಂದು ತಾನೇ ಬಿದ್ದ, ಬನ್ನಿ ಬನ್ನಿ ಎಂದು. ನಾನು ಓಡಿದೆ. ಗುಡಿಸಲೊಳಗೆ ನನ್ನ ಗಂಡ ರುಬ್ಬುವ ಕಲ್ಲಿನ ಪಕ್ಕ ಅಡ್ಡ ಬಿದ್ದಿದ್ದ. ಅರ ಒಂದು ಮಾರು ದೂರದಲ್ಲಿತ್ತು. ಯಾರೋ ಕಿತ್ತು ಎಸೆದಿದ್ದರು. ಕುತ್ತಿಗೆಯ ತೂತು ಸಣ್ಣದು. ಅದರಿಂದ ರಕ್ತ ಎದೆಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು. ಬೆರಳಿಟ್ಟು ಒತ್ತಿದೆ. ಬೆರಳ ಸಂದಿಯಿಂದ ಬಂತು. ಸೆರಗು ತುರುಕಿದೆ. ಸೆರಗು ತೊಯ್ದು ಮೊಣಕೈ ತನಕ ಇಳಿಯಿತು. ಅವನ ಬಾಯಿ ಆಡುತ್ತಿತ್ತು, ಬಂದದ್ದು ರಕ್ತದ ಗುಳ್ಳೆ. ಕೈಯಲ್ಲಿ ಮುದ್ದೆ ಇನ್ನೂ ಒಣಗಿ ಅಂಟಿಕೊಂಡಿತ್ತು.

ಟೆಂಪೊ ಬರುವ ತನಕ ನಾನು ಅಲ್ಲೇ ಕೂತಿದ್ದೆ. ಕಲ್ಲಿನ ಬುಡದಲ್ಲಿ ಅರದ ಹಿಡಿ ಬಿದ್ದಿತ್ತು. ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. ಅವನ ಸಾಮಾನು ಬಿದ್ದಿದ್ದರೆ ಎತ್ತಿಡುವುದು ಇಪ್ಪತ್ತೆಂಟು ವರ್ಷದ ಅಭ್ಯಾಸ. ಹಿರಿಯೂರು ಸೇರುವ ಮೊದಲೇ ನನ್ನ ಮಡಿಲಲ್ಲಿ ಅವನ ತಲೆ ಭಾರವಾಯಿತು.

ಪೊಲೀಸರು ಬಂದರು, ಚಿಕ್ಕತಿಮ್ಮಪ್ಪ ಹೇಳಿದ್ದನ್ನು ಬರೆದುಕೊಂಡರು, ಅರವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು. ನನ್ನನ್ನು ಕೇಳಿದರು. ಸಿಟ್ಟಿನಲ್ಲಿ ಹೋದ ಎಂದೆ. ಹಿಡಿ ಇದ್ದ ಅರದ ಮೇಲೆ ಬಿದ್ದರೆ ಏನು ಚುಚ್ಚುತ್ತದೆ ಎಂದು ಯಾರೂ ಕೇಳಲಿಲ್ಲ. ಅರದ ಮುಂದಿನ ತುದಿ ಮೊಂಡು. ನಾನಾದರೂ ಯೋಚಿಸಬೇಕಿತ್ತು. ಸಾವಿನ ಮನೆಯಲ್ಲಿ ತಲೆ ಓಡುವುದಿಲ್ಲ. ಹಿಡಿ ನನ್ನ ಸೊಂಟದಲ್ಲೇ ಇತ್ತು, ನನಗೆ ಒತ್ತುತ್ತಲೇ ಇತ್ತು.

ಮೂರನೆಯ ದಿನ ಹಾಲುತುಪ್ಪ. ಮಣ್ಣು ಮಾಡಿದ ಗುಂಡಿಯ ಮೇಲೆ ನೆಂಟರೆಲ್ಲ ಒಬ್ಬೊಬ್ಬರಾಗಿ ಹಾಲು ತುಪ್ಪ ಬಿಡುವ ಶಾಸ್ತ್ರ. ಬಲಗೈಯಲ್ಲಿ ಬಿಡಬೇಕು. ಮೊದಲು ಅತ್ತೆ ಬಿಟ್ಟಳು, ನಾನು ಬಿಟ್ಟೆ, ಸುಪ್ರಿಯಾ ಬಿಟ್ಟಳು. ಆಮೇಲೆ ತಮ್ಮನ ಸರದಿ. ಚಿಕ್ಕತಿಮ್ಮಪ್ಪ ಬಲಗೈಗೆ ಟವೆಲು ಸುತ್ತಿಕೊಂಡಿದ್ದ. ಎಡಗೈಯಲ್ಲಿ ಚೊಂಬು ಎತ್ತಿಕೊಂಡ.

ಹಿರಿಯರಲ್ಲಿ ಒಬ್ಬರು, "ಏನಪ್ಪ, ಅಣ್ಣನಿಗೆ ಎಡಗೈಯಾಗೆ ಹಾಲು ಬಿಡ್ತೀಯ? ಬಲಗೈಗೇನಾಗೈತೆ?" ಎಂದರು.

ಅವನು ಮಿಷನ್ನಿನ ಸೈಲೆನ್ಸರು ಸುಟ್ಟಿತು ಎಂದ. ಅವನು ಮಾತು ಮುಗಿಸುವ ಮೊದಲೇ ಅತ್ತೆ, "ಸುಟ್ಟೈತೆ ಬಿಡ್ರಿ, ನಾನೇ ಎಣ್ಣೆ ಹಚ್ಚೀನಿ," ಎಂದಳು. ಬಹಳ ಬೇಗ ಎಂದಳು. ನಾನು ಅತ್ತೆಯ ಮುಖ ನೋಡಿದೆ. ಅವಳು ನೆಲ ನೋಡಿದಳು.

ಮಿಷನ್ನು ಕೆಟ್ಟು ಕೂತು ಹನ್ನೊಂದು ದಿನವಾಗಿತ್ತು. ಚೈನೇ ಇರಲಿಲ್ಲ ಅದಕ್ಕೆ. ಸೈಲೆನ್ಸರು ಎಲ್ಲಿಂದ ಸುಡುತ್ತದೆ?

ನಾನು ಹೋಗಿ ಅವನ ಮಣಿಕಟ್ಟು ಹಿಡಿದು ಟವೆಲು ಎಳೆದೆ. ಅವನು ಮುಷ್ಟಿ ಕಟ್ಟಿದ. ಬೆರಳು ಒಂದೊಂದಾಗಿ ಎತ್ತಿದೆ. ಕಿರುಬೆರಳನ್ನು ಮುರಿಯುವಷ್ಟು ಹಿಂದಕ್ಕೆ ಮಡಿಸಿದೆ. ಅಂಗೈ ತೆರೆಯಿತು. ಬಾಚಣಿಗೆ ಒತ್ತಿ ಎಳೆದ ಹಾಗೆ ಗೆರೆ, ಒಂದರ ಪಕ್ಕ ಒಂದು, ಕಪ್ಪಗೆ ಹೆಪ್ಪುಗಟ್ಟಿತ್ತು. ಆ ಗೆರೆ ಯಾವುದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಕೈಯಲ್ಲೂ ಇದೆ.

ಚೊಂಬು ಕಿತ್ತುಕೊಂಡು ಅವನ ಕೆನ್ನೆಗೆ ಹೊಡೆದೆ. ಹಿತ್ತಾಳೆ ಚೊಂಬು. ಹೊಲಿಗೆಯ ಮೇಲೇ ಬಿತ್ತು. ಇನ್ನೊಮ್ಮೆ ಹೊಡೆದೆ. ಹೊಲಿಗೆ ಬಿಚ್ಚಿ ರಕ್ತ ಗಲ್ಲದಿಂದ ಗುಂಡಿಯ ಹಸಿ ಮಣ್ಣಿಗೆ ಸುರಿಯಿತು, ಚೆಲ್ಲಿದ ಹಾಲಿನಲ್ಲಿ ಹರಡಿತು. ಗಂಡಸರು ನನ್ನ ರಟ್ಟೆ ಹಿಡಿದರು. ಅವನು ಕೈ ಎತ್ತಲಿಲ್ಲ, ಮುಖ ಮುಚ್ಚಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತ.

ಏನಾಯಿತೆಂದು ಅವನೇ ಹೇಳಿದ. ಅಣ್ಣ ಬಂದವನೇ ಹರಿದ ಚೈನು ಹುಡುಕಿ ಕಲ್ಲಿನ ಮೇಲೆ ಹರವಿದನಂತೆ. ಒಂದೊಂದು ಹಲ್ಲಿನ ಪಕ್ಕ ದುಂಡು ಅರ ಇಟ್ಟು ಅಳತೆ ತೋರಿಸಿದನಂತೆ. ಎಲ್ಲ ಒಂದೇ ಸಮ. ಮೂರು ಹಲ್ಲು ಮಾತ್ರ ಮೊಳೆ ತಿಂದು ಮೊಂಡಾಗಿದ್ದವು. ಕಣ್ಣಿದ್ದರೆ ನೋಡು, ಟೀ ಅಂಗಡಿಗೆ ಹೋಗಿ ಹೇಳು ಎಂದನಂತೆ. ಇವನು ಹೇಳುವುದಿಲ್ಲ ಎಂದ. ಅಣ್ಣ ಕಪಾಳಕ್ಕೆ ಹೊಡೆದ, ಹೊಲಿಗೆಯ ಮೇಲೆ. ಅದೂ ನಿಜವೇ ಇರಬೇಕು. ಅವನ ಕೈ ನನಗೆ ಗೊತ್ತು.

"ಕಣ್ಣು ಕತ್ತಲೆ ಬಂತತ್ತಿಗೆ. ಆ ಚಪ್ಪಟೆ ಅರ ಕೊಡಿಲ್ಲಿ, ನಾನೇ ನೋಡ್ತೀನಿ ಅಂದೆ."

"ಕೊಟ್ನಾ?" ಎಂದೆ.

"ಕೈಗೆ ಕೊಡ್ಲಿಲ್ಲ. ಕೈ ಚಾಚಿದೆ, ಕೊಡ್ಲಿಲ್ಲ. ಕೈಗೆ ಕೊಟ್ರೆ ಜಗಳ ಆಗ್ತೈತೆ ಕಣಲೇ ಅಂದ. ನೆಲಕ್ಕಿಟ್ಟು ಮತ್ತೆ ಚೈನಿನ ಮ್ಯಾಲೆ ಬಗ್ಗಿದ."

ಅವನು ತನ್ನ ಅಂಗೈ ನೋಡಿಕೊಂಡ.

"ಎತ್ಕಂಡೆ. ಕಲ್ಲಿಗೆ ಟಕ್ ಅನ್ಸಿದೆ. ಆ ಸದ್ದಿಗೆ ತಿರುಗಿದ. ನನ್ನ ನೋಡ್ಲಿಲ್ಲ ಅತ್ತಿಗೆ ಅವ್ನು. ಅಪ್ಪನ್ನ ನೋಡಿದಂಗೆ ನೋಡಿದ."

ಅತ್ತೆ ಎದೆ ಹೊಡೆದುಕೊಳ್ಳಲು ಶುರು ಮಾಡಿದಳು. ಸುಪ್ರಿಯಾ ನನ್ನ ಕೈ ಹಿಡಿದಳು. ನಾನು ಕೊಡವಿದೆ.

ಹಿರಿಯರು ಅಲ್ಲೇ ಕೂತು ಮಾತು ಕಟ್ಟಿದರು. ಕೇಳಿಸಿಕೊಂಡದ್ದು ಇಲ್ಲೇ ಮಣ್ಣಾಗಲಿ, ಸತ್ತವನು ವಾಪಸು ಬರುವುದಿಲ್ಲ, ಜುಂಜಮ್ಮನಿಗೆ ಉಳಿದಿರುವುದು ಇವನೊಬ್ಬ, ಬಿದ್ದು ಸತ್ತ ಅಂತಲೇ ಇರಲಿ ಎಂದರು. ಮಾರನೆಯ ಬೆಳಿಗ್ಗೆ ಅತ್ತೆ ಬಂದು ನನ್ನ ಕಾಲು ಹಿಡಿದಳು. ಎಪ್ಪತ್ತು ದಾಟಿದ ಮುದುಕಿ.

"ಒಬ್ಬನ್ನ ಮಣ್ಣಿಗೆ ಕೊಟ್ಟೀನಿ ಓಬಿ. ಇನ್ನೊಬ್ಬನ್ನ ಜೈಲಿಗೆ ಕೊಡಿಸಬ್ಯಾಡ."

"ನಿನಗೆ ಗೊತ್ತಿತ್ತು."

"ಅವತ್ತೇ ಕೈ ನೋಡ್ದೆ. ನಿನ್ನ ಕೈಗೆ ಅರಿಸಿನ ಅರೆದು ಕೊಟ್ಟೋಳು ನಾನೇ ಅಲ್ವೇನೇ."

"ಗೊತ್ತಿದ್ದೂ ನನ್ನ ಗಂಡನ್ನ ಕೊಲೆಗಾರ ಅಂತ ಮಣ್ಣು ಮಾಡಿಸ್ದೆ."

"ಅವ್ನು ಸತ್ತಿದ್ನಲ್ಲ. ಸತ್ತೋನಿಗೆ ಹೆಸರು ಯಾತಕ್ಕೆ?"

ನಾನು ಕಾಲು ಬಿಡಿಸಿಕೊಳ್ಳಲು ನೋಡಿದೆ. ಅವಳು ಬಿಡಲಿಲ್ಲ, ಒದ್ದೆ. ಒದ್ದದ್ದು ನಿಜ. ಅವಳು ಗೋಡೆಗೆ ಬಡಿದು ಕೂತಳು. ನಾನು ಸೊಂಟದ ಹಿಡಿಯನ್ನು ಮುಟ್ಟಿ ನೋಡಿಕೊಂಡು ಬಸ್ಸಿಗೆ ನಡೆದೆ. ನನ್ನ ಮಗಳು ಅತ್ತೆ ಮನೆಯಲ್ಲಿ ಬಾಳಬೇಕು. ತಮ್ಮನನ್ನು ಕೊಲ್ಲಲು ಹೋದವನ ಮಗಳು ಅನ್ನಿಸಿಕೊಂಡು ಬಾಳಬಾರದು. ಹೌದು ಎಂದು ಹೇಳಿದವಳು ನಾನು. ಅಲ್ಲ ಎಂದು ಹೇಳಬೇಕಾದವಳೂ ನಾನೇ. ಸ್ಟೇಷನ್ನಿನ ಮೇಜಿನ ಮೇಲೆ ಹಿಡಿ ಇಟ್ಟೆ.

ದುರ್ಗದ ಕೋರ್ಟಿನಲ್ಲಿ ಕೇಸು ಒಂದೂವರೆ ವರ್ಷ ನಡೆಯಿತು. ಚಿಕ್ಕತಿಮ್ಮಪ್ಪ ಗುಂಡಿಯ ಹತ್ತಿರ ಹೇಳಿದ್ದನ್ನೆಲ್ಲ ಅಲ್ಲಿ ಇಲ್ಲ ಎಂದ. ಕೇಳಿಸಿಕೊಂಡ ಹಿರಿಯರೂ ನಮಗೇನೂ ಗೊತ್ತಿಲ್ಲ ಎಂದರು. ಅಂಗೈಯ ಗೆರೆಗಳನ್ನು ಪೊಲೀಸರು ಫೋಟೊ ತೆಗೆದಿದ್ದರು, ಡಾಕ್ಟರು ಬರೆದಿದ್ದರು. ಅವನ ಲಾಯರು ಅದು ಬೇರೆ ಯಾವಾಗಲೋ ಆದದ್ದು ಎಂದರು. ಕಟಕಟೆಗೆ ನನ್ನನ್ನು ಕರೆದ ದಿನ ಸುಪ್ರಿಯಾ ಗಂಡನ ಜೊತೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳ ಅತ್ತೆಯೂ ಬಂದಿದ್ದಳು. ನನ್ನ ಅತ್ತೆ ಒಳಗೆ ಬರಲಿಲ್ಲ. ಬೇವಿನ ಮರದ ಕೆಳಗೆ ಮಗನಿಗೆಂದು ತಂದ ಬುತ್ತಿ ಇಟ್ಟುಕೊಂಡು ಕೂತಿದ್ದಳು.

ಲಾಯರು ಒಳ್ಳೆಯ ಮಾತಿನವರು. ಮೆಲ್ಲಗೆ ಕೇಳಿದರು.

"ನಿಮ್ಮ ಗಂಡ ನಿಮಗೆ ಹೊಡೆಯುತ್ತಿದ್ದರೇನಮ್ಮ?"

"ಹೊಡೀತಿದ್ದ."

"ಹೊಸದುರ್ಗದಲ್ಲಿ ಒಬ್ಬರ ಹಲ್ಲು ಉದುರಿಸಿದ್ದರು. ಹೌದೋ?"

"ಹೌದು. ಎರಡು."

"ಆ ದಿನ ಸಿಟ್ಟಿನಲ್ಲಿ ಊಟ ಬಿಟ್ಟು ಎದ್ದರು. ಅರ ತೆಗೆದುಕೊಂಡರು. ಅವನೋ ನಾನೋ ತೀರ್ಮಾನ ಆಗಲಿ ಎಂದು ಹೋದರು. ಇದು ನೀವೇ ಕೊಟ್ಟ ಹೇಳಿಕೆ."

"ನಾನೇ ಕೊಟ್ಟಿದ್ದು."

"ಹಾಗಾದರೆ ತಮ್ಮನನ್ನು ಚುಚ್ಚಲೆಂದೇ ಹೋದರು."

"ಅಲ್ಲ ಸ್ವಾಮಿ. ಹಿಡಿ ಹಾಕ್ಕಂಡು ಹೋದ."

ಲಾಯರಿಗೆ ಅರ್ಥವಾಗಲಿಲ್ಲ. ಜಡ್ಜು ತಲೆ ಎತ್ತಿದರು, ಹಾಗೆಂದರೇನು ಎಂದು ನನ್ನನ್ನೇ ಕೇಳಿದರು. ಅರ ತರಿಸಿ ಎಂದೆ. ಗುಮಾಸ್ತ ಚೀಟಿ ಅಂಟಿಸಿದ ಚೀಲದಿಂದ ಅರ ತೆಗೆದು ನನ್ನ ಕೈಗೆ ಚಾಚಿದ. ಕೆಳಗಿಡಿ ಎಂದೆ. ಅವನು ಜಡ್ಜಿನ ಮುಖ ನೋಡಿದ, ಆಮೇಲೆ ಮೇಜಿನ ಮೇಲಿಟ್ಟ. ನಾನು ಎತ್ತಿಕೊಂಡೆ. ಒಂದೂವರೆ ವರ್ಷದಲ್ಲಿ ತುಕ್ಕು ಹಿಡಿದಿತ್ತು. ಯಾವುದು ತುಕ್ಕು ಯಾವುದು ರಕ್ತ ಎಂದು ತಿಳಿಯುತ್ತಿರಲಿಲ್ಲ. ಹಿಡಿಯನ್ನೂ ಕೇಳಿ ತೆಗೆದುಕೊಂಡೆ, ಬಾಲಕ್ಕೆ ಹಾಕಿ ಕಟಕಟೆಯ ಕಟ್ಟಿಗೆಗೆ ಎರಡು ಸಲ ಕುಟ್ಟಿದೆ. ಕಚ್ಚಿಕೊಂಡಿತು. ಎಳೆದು ತೋರಿಸಿದೆ. ಬರಲಿಲ್ಲ. ನನ್ನ ಗಂಡ ಇದನ್ನು ಹೀಗೆ ಹಿಡಿದು ಹೋದ, ಇದರ ಮೇಲೆ ಹತ್ತು ಸಲ ಬಿದ್ದರೂ ಚುಚ್ಚುವುದಿಲ್ಲ ಎಂದೆ. ಆಮೇಲೆ ಮೈ ಹಿಡಿದು ಹಿಡಿಯ ಕತ್ತನ್ನು ಕಟ್ಟಿಗೆಯ ಅಂಚಿಗೆ ಹೊಡೆದೆ.

ಟಕ್ ಎಂದಿತು. ಹಿಡಿ ನೆಲಕ್ಕೆ ಬಿತ್ತು. ಚಿಕ್ಕತಿಮ್ಮಪ್ಪ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡ. ಕೋರ್ಟಿನಲ್ಲಿದ್ದವರೆಲ್ಲ ನೋಡಿದರು. ಜಡ್ಜೂ ನೋಡಿದರು.

ಬಾಲ ಮುಂದೆ ಮಾಡಿ ಅರದ ಮೈಯನ್ನು ಮುಷ್ಟಿಯಲ್ಲಿ ಹಿಡಿದು ಕಟ್ಟಿಗೆಗೆ ಜೋರಾಗಿ ಕುಕ್ಕಿದೆ. ಕೈ ಜಾರಿತು. ಅಂಗೈ ಅವರ ಕಡೆಗೆ ತೋರಿಸಿದೆ. ಗೆರೆ ಬಂದಿದ್ದವು, ಆಮೇಲೆ ರಕ್ತ ಬಂತು.

"ನನ್ನ ಗಂಡ ಕೆಟ್ಟ ಕೋಪಿಷ್ಟ," ಎಂದೆ. "ಆದ್ರೆ ಕೊಲ್ಲಾಕೆ ಹೋಗ್ಲಿಲ್ಲ. ತನ್ನ ಕೆಲಸ ಸರಿ ಐತೆ ಅಂತ ತೋರ್ಸಾಕೆ ಹೋದ." ಇದನ್ನು ಲಾಯರಿಗೆ ಹೇಳಲಿಲ್ಲ. ಹಿಂದಿನ ಬೆಂಚು ನೋಡಿಕೊಂಡು ಹೇಳಿದೆ. ಸುಪ್ರಿಯಾ ತನ್ನ ಅತ್ತೆಯ ಕಡೆ ತಿರುಗಿ ಅವಳ ಮುಖವನ್ನೇ ನೋಡುತ್ತಿದ್ದಳು.

ಚಿಕ್ಕತಿಮ್ಮಪ್ಪನಿಗೆ ಏಳು ವರ್ಷ ಹಾಕಿದರು. ಸಾಲದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಒಮ್ಮೊಮ್ಮೆ ಆ ಗೋಡೆಗೆ ಒತ್ತಿಕೊಂಡ ಮುಖ ಕಣ್ಣಿಗೆ ಬರುತ್ತದೆ. ಆಗ ಏನೂ ಅನ್ನಿಸುವುದಿಲ್ಲ.

ಈಗ ನಾನೇ ಅರ ಹಾಕುತ್ತೇನೆ. ಬಡಗಿಗಳ ದೊಡ್ಡ ಗರಗಸ ನನ್ನ ಕೈಲಿ ಆಗದು. ಹಟ್ಟಿಯವರ ಕುಡುಗೋಲು, ಕೊಡಲಿ, ಸಣ್ಣ ಗರಗಸ ಬರುತ್ತವೆ. ಜಗಲಿಯ ಮೇಲೆ ಇಟ್ಟು ಹೋಗುತ್ತಾರೆ, ನನ್ನ ಕೈಗೆ ಯಾರೂ ಕೊಡುವುದಿಲ್ಲ. ಮುಂದಕ್ಕೆ ತಳ್ಳುವುದು, ಎತ್ತಿ ಹಿಂದಕ್ಕೆ ತರುವುದು, ಅಷ್ಟೇ ಕೆಲಸ. ಅವನ ಹಾಗೆ ಒಂದೇ ಸಮ ಬರುವುದಿಲ್ಲ. ದಾರ ಹಿಡಿದು ನೋಡಿದರೆ ಎರಡು ಮೂರು ಹಲ್ಲು ತಗ್ಗು ಇರುತ್ತವೆ. ಮತ್ತೆ ಹಾಕುತ್ತೇನೆ.

ಅತ್ತೆ ನನ್ನ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಎದುರು ಮನೆಯಲ್ಲೇ ಇದ್ದಾಳೆ. ನಾನೂ ಮಾತಾಡಿಸಿಲ್ಲ. ಹೋದ ವಾರ ಹುಲ್ಲು ಕೊಯ್ಯುವ ಕುಡುಗೋಲು ಹಿಡಿದುಕೊಂಡು ಬಂದಳು. ಜಗಲಿಯ ಮುಂದೆ ನಿಂತಳು. ಹಿಡಿದ ಕೈ ಚಾಚಲಿಲ್ಲ. ಬಗ್ಗಲು ಕಷ್ಟವಾಗಿ ಕಂಬ ಹಿಡಿದು ಬಗ್ಗಿ ನೆಲಕ್ಕಿಟ್ಟಳು. ನಾನು ಎತ್ತಿಕೊಂಡು ಅರ ಹಾಕಿದೆ. ಅವಳು ನಿಂತೇ ಇದ್ದಳು. ಮುಗಿದ ಮೇಲೆ ನೆಲಕ್ಕಿಟ್ಟೆ. ಎತ್ತಿಕೊಂಡು ಹೋದಳು.